ಸುತ್ತಿನ ಪಿನ್ನು

ತರಕಾರಿಯ ಬಲೆಚೀಲ ಹೆಣೆಯುವುದು ತಳದಿಂದ ಶುರುವಾಗುತ್ತದೆ. ದಾರವನ್ನು ಬೆರಳಿಗೆ ಸುತ್ತಿ ಒಂದು ಉಂಗುರ ಮಾಡಿಕೊಂಡು, ಅದರೊಳಗೆ ಕೊಕ್ಕೆಕಡ್ಡಿಯಿಂದ ಒತ್ತೊತ್ತಾಗಿ ಕಂಬಗಳನ್ನು, ಅಂದರೆ ನಿಂತ ಹೆಣಿಗೆಗಳನ್ನು, ಹಾಕಬೇಕು. ಆಲೂಗಡ್ಡೆಯ ಭಾರವೆಲ್ಲ ಬೀಳುವುದು ಆ ತಳದ ಮೇಲೆಯೇ. ಆಮೇಲೆ ಕುಣಿಕೆಗಳ ಚೈನು ಬಿಟ್ಟು ಒಂದು ಕಂಬ, ಚೈನು ಬಿಟ್ಟು ಒಂದು ಕಂಬ ಎಂದು ಸುತ್ತು ಹೋಗುತ್ತಿದ್ದರೆ ತೂತುತೂತಿನ ಜಾಲರಿ ತಾನಾಗಿ ಮೇಲೇಳುತ್ತದೆ. ಆದರೆ ಸುತ್ತು ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅದು ತಪ್ಪಿದರೆ ಚೀಲ ಒಂದು ಪಕ್ಕಕ್ಕೆ ವಾಲುತ್ತದೆ. ಅದಕ್ಕೇ ಮೊದಲ ಕಂಬಕ್ಕೆ ಗುರುತಿಗೆಂದು ಒಂದು ಪುಟ್ಟ ಸೇಫ್ಟಿ ಪಿನ್ನು. ಸುತ್ತು ಮುಗಿದಾಗ ಪಿನ್ನು ಬಿಚ್ಚಿ, ತುಟಿಗಳ ನಡುವೆ ಇಟ್ಟುಕೊಂಡು, ಹೊಸ ಸುತ್ತಿನ ಮೊದಲ ಕಂಬ ಹಾಕಿ, ತುಟಿಯಿಂದ ತೆಗೆದು ಅಲ್ಲಿಗೆ ಚುಚ್ಚುವುದು. ಎರಡು ಕೈಯೂ ದಾರದಲ್ಲಿರುವಾಗ ಪಿನ್ನಿಗೆ ಬೇರೆ ಜಾಗವಾದರೂ ಎಲ್ಲಿ?

ಆ ಬೆಳಿಗ್ಗೆ ಚಿಕ್ಕಿ ಹೊಸ ಚೀಲದ ತಳ ಮುಗಿಸಿ ದಾರದ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು. ಪಿನ್ನು ಅಲ್ಲಿರಲಿಲ್ಲ.

ಅವಳ ಹತ್ತಿರ ಇದ್ದದ್ದು ಒಂದೇ ಪಿನ್ನು. ಡಬ್ಬಿಯನ್ನು ಬೋರಲು ಹಾಕಿದಳು. ಬಿಳಿ ನೂಲಿನ ಉಂಡೆಗಳು, ಕತ್ತರಿ, ಎರಡು ಕೊಕ್ಕೆಕಡ್ಡಿ. ಸೆರಗು ಕೊಡವಿದಳು. ಕೂತಿದ್ದ ಚಾಪೆ ಎತ್ತಿ ಕೊಡವಿದಳು. ಅಂಗೈಯನ್ನು ನೆಲಕ್ಕೆ ಒತ್ತಿ, ಮೂಲೆಯಿಂದ ಮೂಲೆಗೆ, ಮಂಚದ ಕಾಲಿನ ಸುತ್ತ, ಬಾಗಿಲ ಹಿಂದೆ ಸವರುತ್ತ ಬಂದಳು. ಕೈಗೆ ಧೂಳು ಹತ್ತಿತು, ಒಂದು ಗುಂಡಿ ಸಿಕ್ಕಿತು. ಪಿನ್ನು ಸಿಗಲಿಲ್ಲ.

ಆಗ ತಲೆಯೆತ್ತಿ ಮಗುವನ್ನು ನೋಡಿದಳು.

ಇಲಿ ಗೋಡೆಗೆ ಆತು ಕೂತಿದ್ದಳು. ವರ್ಷ ದಾಟಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ಕಚ್ಚುತ್ತಾಳೆಂದು ಅವಳಪ್ಪನೇ ಇಟ್ಟ ಹೆಸರು ಇಲಿ. ಬೆಳಗಿನಿಂದ ಕಿರಿಕಿರಿ ಮಾಡುತ್ತಿದ್ದವಳು ಈಗ ಸುಮ್ಮನಾಗಿದ್ದಳು. ಗಲ್ಲದಿಂದ ಜೊಲ್ಲು ಇಳಿದು ಅಂಗಿಯ ಎದೆ ಒದ್ದೆಯಾಗಿತ್ತು. ಹಲ್ಲು ಬರುತ್ತಿರಬೇಕು ಎಂದು ಬೆಳಿಗ್ಗೆ ಚಿಕ್ಕಿಯೇ ಅಂದುಕೊಂಡಿದ್ದಳು.

ಚಿಕ್ಕಿ ಮಗುವಿನ ಮುಂದೆ ಮಂಡಿಯೂರಿ ಕೂತಳು.

ಬೆರಳಿನಿಂದ ಬಾಯಿ ತೆರೆಸಿ ನೋಡಿದಳು. ಗುಲಾಬಿ ವಸಡು, ಅಕ್ಕಿಕಾಳಿನಂಥ ನಾಲ್ಕು ಹಲ್ಲು, ಜೊಲ್ಲು. ಇಲಿ ತಲೆ ಹಿಂದಕ್ಕೆ ಎಳೆದುಕೊಂಡು ಅತ್ತಳು. ಆ ಅಳು ಚಿಕ್ಕದಾಗಿತ್ತು, ಮುಕ್ಕಾಲು ಭಾಗ ಒಳಗೇ ಉಳಿದ ಹಾಗೆ.

ಚಿಕ್ಕಿ ಕೂತು ಯೋಚಿಸಿದಳು. ಬೆಳಿಗ್ಗೆ ಎದ್ದ ಕೂಡಲೇ ಹಿಂದಿನ ಚೀಲದ ಬಾಯಿ ಸುತ್ತು ಮುಗಿಸಿ, ಹಿಡಿಕೆ ಸೇರಿಸಿ, ಇಲಿಯನ್ನು ಸೊಂಟಕ್ಕೇರಿಸಿಕೊಂಡು ಹೋಗಿ ತರಕಾರಿ ಅಂಗಡಿಗೆ ಕೊಟ್ಟು ಬಂದಿದ್ದಳು. ಕೊನೆಯ ಸುತ್ತು ಹಾಕುವಾಗ ಇಲಿ ತೊಡೆಗೆ ಒರಗಿಕೊಂಡು ಮುಖವನ್ನೇ ನೋಡುತ್ತಿದ್ದಳು. ಪಿನ್ನು ಬಿಚ್ಚಿದೆನೇ? ಬಿಚ್ಚಿದ್ದರೆ ಎಲ್ಲಿಟ್ಟೆ? ಅಂಗಡಿ ತೆರೆಯುವ ಹೊತ್ತಾಯಿತೆಂಬ ಆತುರದಲ್ಲಿ ಬಿಚ್ಚದೆಯೇ ಕೊಟ್ಟುಬಿಟ್ಟೆನೇ? ಎಷ್ಟು ಕೆದಕಿದರೂ ಆ ಗಳಿಗೆ ನೆನಪಿಗೆ ಬರಲಿಲ್ಲ. ದಿನಕ್ಕೆ ಎಷ್ಟೋ ಸಲ ಮಾಡುವ ಕೆಲಸ. ಕೈ ಮಾಡುತ್ತದೆ, ತಲೆ ಎಲ್ಲಿಯೋ ಇರುತ್ತದೆ.

ಪಿನ್ನು ಚೀಲದಲ್ಲಿರಬೇಕು, ಇಲ್ಲವೇ ಇಲಿಯ ಹೊಟ್ಟೆಯಲ್ಲಿ.

ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು.

ಇಲಿಯ ತಾಯಿ, ಚಿಕ್ಕಿಯ ಗಂಡನ ಅಣ್ಣನ ಹೆಂಡತಿ, ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂರುವವಳು. ಚಿಕ್ಕಿ ಅವಳನ್ನು ಅಕ್ಕ ಎನ್ನುತ್ತಿದ್ದಳು. ಭಾವ ಲಾರಿಯ ಮೇಲೆ ಊರೂರು ಸುತ್ತುತ್ತ, ಮನೆಗೆ ನೆಂಟನ ಹಾಗೆ ಬಂದುಹೋಗುತ್ತಿದ್ದ. ಗಂಡ ಸತ್ತ ಮೇಲೆ ಚಿಕ್ಕಿ ಈ ಮನೆಯಲ್ಲೇ ಉಳಿಯಬೇಕೆಂದು ಯಾರೂ ತೀರ್ಮಾನ ಮಾಡಿರಲಿಲ್ಲ. ಇಲಿ ಹುಟ್ಟಿದಳು, ಅಕ್ಕ ಕೆಲಸಕ್ಕೆ ವಾಪಸು ಹೋಗಬೇಕಾಯಿತು, ಮಗುವನ್ನು ಎತ್ತಿಕೊಳ್ಳುವ ಕೈ ಬೇಕಾಯಿತು. ಹಾಗೆ ಉಳಿದಳು. ಅಕ್ಕನ ತಾಯಿ ಮಾತ್ರ ಬಂದಾಗಲೆಲ್ಲ ಚಿಕ್ಕಿ ಮಲಗುವ ಹಿಂದಿನ ಕೋಣೆಯ ಹೊಸ್ತಿಲಲ್ಲಿ ನಿಂತು, "ಇಷ್ಟು ಗಾಳಿ ಬೆಳಕು ಇರೋ ಕೋಣೆ, ನಾನೇ ಬಂದು ಇದ್ದರೆ ಮಗೂನ ನೋಡ್ಕೋಬಹುದಿತ್ತು" ಅನ್ನುತ್ತಿದ್ದಳು. ಅಕ್ಕ ಏನೂ ಹೇಳುತ್ತಿರಲಿಲ್ಲ. ಹೋದ ತಿಂಗಳು ಇಲಿ ಮಂಚದಿಂದ ಉರುಳಿ ಹಣೆ ಬುಗುಟೆದ್ದಾಗ ಮಾತ್ರ ಅಂದಿದ್ದಳು: "ನಾನು ಅಲ್ಲಿ ಗಾಜಿನ ಹಿಂದೆ ಕೂತಿರ್ತೀನಿ. ನನ್ನ ಕಣ್ಣು ನಿನ್ನ ಹತ್ರ ಬಿಟ್ಟು ಹೋಗಿರ್ತೀನಿ. ಅಷ್ಟು ನೆನಪಿರಲಿ."

ಚೀಲದಲ್ಲಿದ್ದರೆ ಯಾರಿಗೂ ಹೇಳಬೇಕಾದ್ದೇ ಇಲ್ಲ. ಮೊದಲು ಚೀಲ ನೋಡೋಣ ಎಂದುಕೊಂಡಳು.

ಅಡುಗೆಮನೆಗೆ ಹೋಗಿ ಒಂದು ಬಾಳೆಹಣ್ಣು ಸುಲಿದು ಕಿವುಚಿದಳು. ನುಂಗಿದ ವಸ್ತುವಿಗೆ ಬಾಳೆಹಣ್ಣು ಸುತ್ತಿಕೊಂಡು ಕೆಳಗೆ ತಳ್ಳುತ್ತದೆ ಎಂದು ಎಲ್ಲಿಯೋ ಕೇಳಿದ್ದು. ಕಾಲೇಜಿನಲ್ಲಿ ಓದಿದ ನಾಲ್ಕು ಅಕ್ಷರದಲ್ಲಿ ಅದು ಇರಲಿಲ್ಲ ನಿಜ, ಆದರೆ ಭಯಕ್ಕೆ ಪುಸ್ತಕ ಬೇಕಿಲ್ಲ. ಇಲಿ ಮೊದಲ ಎರಡು ತುತ್ತು ನುಂಗಿದಳು. ಮೂರನೆಯದಕ್ಕೆ ಮುಖ ತಿರುಗಿಸಿದಳು. ಚಿಕ್ಕಿ ಕೆನ್ನೆ ಒತ್ತಿ ಬಾಯಿಗೆ ಹಾಕಿದಳು. "ತಿನ್ನು ನನ್ನವ್ವ, ತಿನ್ನು. ಇದೊಂದು ತುತ್ತು ಚಿಕ್ಕಿಗೆ." ಇಲಿ ಕತ್ತು ಉದ್ದ ಮಾಡಿ, ಕಣ್ಣು ಮುಚ್ಚಿ, ಕಷ್ಟಪಟ್ಟು ನುಂಗಿದಳು. ನುಂಗಿದ್ದನ್ನು ನೋಡಿ ಚಿಕ್ಕಿಗೆ ಇನ್ನೂ ಹೆದರಿಕೆಯಾಯಿತು.

ಹಾಲಿನ ಬಾಟಲಿ ತುಂಬಿ ಕೈಚೀಲಕ್ಕೆ ಹಾಕಿಕೊಂಡು, ಮಗುವನ್ನು ಎತ್ತಿಕೊಂಡು ಹೊರಟಳು.

*

ತರಕಾರಿ ಅಂಗಡಿಯಾಕೆಗೆ ಬೀದಿಯವರು ತಕ್ಕಡಿಯಮ್ಮ ಎನ್ನುತ್ತಿದ್ದರು. ಮುಳ್ಳು ಒಂದಿಷ್ಟೂ ಅತ್ತಿತ್ತ ಹೋಗದ ಹಾಗೆ ತೂಗುವವಳು. ನಾಲಿಗೆ ಮಾತ್ರ ಎಷ್ಟು ಬೇಕಾದರೂ ವಾಲುತ್ತಿತ್ತು. ಪ್ಲಾಸ್ಟಿಕ್ ಚೀಲ ಕೊಡುವುದನ್ನು ನಿಲ್ಲಿಸಿದ ಮೇಲೆ ಬಲೆಚೀಲ ಹೆಣೆದು ಕೊಡು ಎಂದು ಚಿಕ್ಕಿಯನ್ನು ಹಿಡಿದವಳು ಅವಳೇ. ತೊಳೆದು ತೊಳೆದು ಬಳಸಬಹುದು, ಈರುಳ್ಳಿಗೆ ಗಾಳಿಯಾಡುತ್ತದೆ, ಒಳಗೇನಿದೆ ಎಂದು ನೆರೆಯವರಿಗೂ ಕಾಣುತ್ತದೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದಳು.

"ಏನಮ್ಮ, ಈಗ ತಾನೇ ಹೋದೋಳು ಆಗಲೇ ಇನ್ನೊಂದು ಹೆಣೆದು ತಂದ್ಯಾ?" ಎಂದಳು ಚಿಕ್ಕಿಯನ್ನು ಕಂಡು. "ಕೈಯೋ ಮಿಷಿನ್ನೋ?"

"ಬೆಳಿಗ್ಗೆ ಕೊಟ್ಟ ಚೀಲ ಎಲ್ಲಿ?"

"ಡ್ರಾಯಿಂಗ್ ಮೇಷ್ಟ್ರು ಎತ್ಕೊಂಡು ಹೋದರು, ಕಿತ್ತಳೆ ತುಂಬಿಸ್ಕೊಂಡು. ಯಾಕೆ, ಅದರೊಳಗೆ ಗಂಟು ಮರೆತು ಬಿಟ್ಟೆಯಾ?"

"ಒಂದು ಎಳೆ ಸರಿಯಾಗಿ ಕಟ್ಟಿಲ್ಲ ಅನ್ನಿಸ್ತು. ಬಿಚ್ಚಿಹೋದೀತು."

"ಬಿಚ್ಚಿಹೋದರೆ ಹೋಗಲಿ ಬಿಡು. ಆ ಮನುಷ್ಯ ಹಣ್ಣು ತಿನ್ನೋದಕ್ಕಲ್ಲ ತಗೊಳ್ಳೋದು, ಮುಂದಿಟ್ಟುಕೊಂಡು ನೋಡೋದಕ್ಕೆ. ಹಿಂದಿನ ಸಲ ಬದನೆಕಾಯಿ ಕೊಳೆಯೋ ತನಕ ಇಟ್ಕೊಂಡಿದ್ದರಂತೆ." ತಕ್ಕಡಿಯಮ್ಮ ಇಲಿಯ ಗಲ್ಲ ಒರೆಸಿದಳು. "ಇದೇನು, ನಮ್ಮ ಇಲಿರಾಣಿ ಬಾಯಲ್ಲಿ ನಲ್ಲಿ ಕೆಟ್ಟಿದೆ?"

ಚಿಕ್ಕಿ ಉತ್ತರಿಸುವಷ್ಟು ಹೊತ್ತು ನಿಲ್ಲಲಿಲ್ಲ.

ಮೇಷ್ಟ್ರ ಮನೆ ಬೀದಿಯ ಕೊನೆಯಲ್ಲಿ, ಔಷಧಿ ಅಂಗಡಿಯ ಮೇಲೆ. ಮೆಟ್ಟಿಲು ಕಡಿದಾಗಿದ್ದವು. ಒಂದೊಂದು ಮೆಟ್ಟಿಲಿಗೂ ಇಲಿಯ ಗಂಟಲಲ್ಲಿ ಏನೋ ಗುಳುಗುಳು ಎನ್ನುತ್ತಿತ್ತು. ಕುಲುಕಬಾರದು, ಕುಲುಕಬಾರದು ಎಂದುಕೊಳ್ಳುತ್ತ ಹತ್ತಿದಳು. 

"ಬಾಮ್ಮ, ಒಳಗೆ ಬಾ. ಇಷ್ಟು ಮೆಟ್ಟಿಲು ಹತ್ತಿ ಬಂದವರಿಗೆ ಈ ಮನೇಲಿ ಕುರ್ಚಿ ಉಂಟು," ಎಂದರು ಮೇಷ್ಟ್ರು. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇನ್ನೂ ಇತ್ತು.

ಚೀಲ ಕಿಟಕಿಯ ಮೊಳೆಗೆ ನೇತಾಡುತ್ತಿತ್ತು. ಎದುರಿಗೆ ಹಲಗೆಯ ಮೇಲೆ ಅರ್ಧ ಬರೆದ ಚಿತ್ರ.

"ನಿನ್ನ ಕೈಕೆಲಸಾನೇ ತಾನೇ ಇದು? ನೋಡು, ಹಣ್ಣಿನ ಭಾರ ಬಿದ್ದ ಕಡೆ ತೂತು ಅಗಲ ಆಗಿದೆ, ಮೇಲೆ ಬರ್ತಾ ಬರ್ತಾ ಕಣ್ಣು ಕಿರಿದು ಮಾಡಿದ ಹಾಗಿದೆ. ಬೆಳಿಗ್ಗೆಯಿಂದ ಅದನ್ನೇ ಹಿಡಿಯೋಕೆ ಒದ್ದಾಡ್ತಿದೀನಿ."

"ಮೇಷ್ಟ್ರೇ, ಒಂದು ಸಲ ಚೀಲ ಕೊಡ್ತೀರಾ?"

"ಚಿತ್ರ ಮುಗೀಲಿ, ಆಮೇಲೆ ನೀನೇ ಇಟ್ಕೋ."

"ಈಗಲೇ ಬೇಕು." ದನಿ ತನ್ನದಲ್ಲವೆಂಬಂತೆ ಹೊರಬಂತು. ಮೇಷ್ಟ್ರು ಅವಳ ಮುಖ ನೋಡಿದರು. ಮಾತಾಡದೆ ಚೀಲ ಇಳಿಸಿ, ಹಣ್ಣುಗಳನ್ನು ಒಂದೊಂದಾಗಿ ಮೇಜಿಗೆ ಹಾಕಿ, ಬರಿದು ಮಾಡಿ ಕೊಟ್ಟರು.

ಚಿಕ್ಕಿ ಇಲಿಯನ್ನು ಕುರ್ಚಿಯ ಮೇಲೆ ಕೂರಿಸಿ, ಚೀಲವನ್ನು ಬೆಳಕಿಗೆ ಹಿಡಿದಳು. ತಳದಿಂದ ಸುತ್ತು ಸುತ್ತಾಗಿ ಬೆರಳಾಡಿಸುತ್ತ ಮೇಲೆ ಬಂದಳು. ಒಂದೊಂದು ಸುತ್ತೂ ಬರಿದಾಗಿತ್ತು. ಬಾಯಿಯ ಹತ್ತಿರ, ಹಿಡಿಕೆ ಸೇರುವ ಕಡೆ, ಬೆರಳಿಗೆ ತಣ್ಣಗೆ ಏನೋ ತಗಲಿತು.

ಪಿನ್ನು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.  ನಗು ಬಂತು, ನಿಲ್ಲಿಸಲಾಗಲಿಲ್ಲ.

"ಇಷ್ಟಕ್ಕಾ? ಒಂದು ಪಿನ್ನಿಗಾ?" ಎಂದರು ಮೇಷ್ಟ್ರು. "ನಾನು ಎಲ್ಲೋ ಚೀಲದಲ್ಲಿ ಹಾವು ಇದೆ ಅಂದ್ಕೊಂಡೆ."

"ಮಗು ನುಂಗಿಬಿಡ್ತೇನೋ ಅಂತ..." ಎಂದು ಮಾತು ಮುಗಿಸದೆ, ಬಾಟಲಿ ತೆಗೆದು ಇಲಿಯ ಬಾಯಿಗೆ ಇಟ್ಟಳು. ಇಲಿ ಹಸಿದಿದ್ದಳೋ ಏನೋ, ಕುಡಿದಳು. ಆಗಾಗ ನಿಲ್ಲಿಸಿ ಮುಖ ಕಿವುಚಿ ಮತ್ತೆ ಕುಡಿದಳು. ನೋಡು, ಕುಡಿಯುತ್ತಿದ್ದಾಳೆ, ಏನೂ ಆಗಿಲ್ಲ, ಹಲ್ಲೇ ಇರಬೇಕು ಎಂದುಕೊಂಡು ಚಿಕ್ಕಿ ಮಗುವಿನ ನೆತ್ತಿಗೆ ಮೂಗು ಒತ್ತಿದಳು. ಗಂಡ ಸತ್ತ ಮೇಲೆ ಅವಳಿಗೆ ಯಾವ ವಾಸನೆಯೂ ಸರಿಯಾಗಿ ತಿಳಿಯುತ್ತಿರಲಿಲ್ಲ, ಈ ನೆತ್ತಿಯದೊಂದು ಬಿಟ್ಟು.

*

ಅಂಗಡಿಯ ಮುಂದೆ ಹಾದು ಹೋಗುವಾಗ ತಕ್ಕಡಿಯಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಚಿಕ್ಕಿ ಹೋದ ವಾರ ಹೆಣೆದು ಕೊಟ್ಟ ಚೀಲಗಳು. ಒಂದೊಂದರ ಹಿಡಿಕೆಗೂ ಬೆಲೆ ಬರೆದ ಕಾಗದದ ತುಂಡು ಚುಚ್ಚುತ್ತಿದ್ದಳು. ತುಟಿಗಳ ನಡುವೆ ಸಾಲಾಗಿ ಪುಟ್ಟ ಪುಟ್ಟ ಸೇಫ್ಟಿ ಪಿನ್ನುಗಳು.

"ಹಿಕ್ತಾ ಎಳೆ?" ಎಂದಳು ಪಿನ್ನುಗಳ ಸಂದಿಯಿಂದ.

ಚಿಕ್ಕಿ ನಿಂತಲ್ಲೇ ನಿಂತಳು. "ಬೆಳಗಿನ ಚೀಲಕ್ಕೂ ಚೀಟಿ ಹಾಕಿದ್ರಾ?"

ತಕ್ಕಡಿಯಮ್ಮ ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡಳು. "ಎಲ್ಲಕ್ಕೂ ಹಾಕ್ತೀನಿ. ಇಲ್ಲದಿದ್ದರೆ ಬಂದೋರೆಲ್ಲ ಇದಕ್ಕೆಷ್ಟು ಇದಕ್ಕೆಷ್ಟು ಅಂತ ನನ್ನ ತಲೆ ತಿಂತಾರೆ. ಮೇಷ್ಟ್ರು ಚೀಟಿ ಹರಿದು ಇಲ್ಲೇ ಬಿಸಾಕಿದ್ರು. ಯಾಕೆ?"

ಚಿಕ್ಕಿ ಮುಷ್ಟಿ ಬಿಚ್ಚಿ, ಚೀಲದಲ್ಲಿ ಸಿಕ್ಕ ಪಿನ್ನು ನೋಡಿದಳು. ತಕ್ಕಡಿಯಮ್ಮನ ಅಂಗೈಯಲ್ಲಿದ್ದವುಗಳ ಪಕ್ಕ ಅದನ್ನು ಇಟ್ಟರೆ ಯಾವುದು ಯಾವುದೆಂದು ಹೇಳುವ ಹಾಗಿರಲಿಲ್ಲ. ಅದೇ ಅಳತೆ, ಅದೇ ಹೊಳಪು. ಕಳೆದುಹೋದ ತನ್ನ ಪಿನ್ನು ಹಳೆಯದು, ಬಳಸಿ ಬಳಸಿ ಹೊಳಪು ಸತ್ತದ್ದು.

ಅಷ್ಟರಲ್ಲಿ ಸೊಂಟದ ಮೇಲಿದ್ದ ಇಲಿ ಮುಂದಕ್ಕೆ ಬಾಗಿ ತಕ್ಕಡಿಯಮ್ಮನ ತುಟಿಯತ್ತ ಬೆರಳು ಚಾಚಿದಳು. ಆಮೇಲೆ ಆ ಬೆರಳನ್ನು ವಾಪಸು ತಂದು ತನ್ನ ತುಟಿಗೆ ಇಟ್ಟುಕೊಂಡು, ಎರಡು ತುಟಿಯನ್ನೂ ಗಟ್ಟಿಯಾಗಿ ಒತ್ತಿ ಹಿಡಿದಳು. ತಲೆ ಕೊಂಚ ಓರೆ ಮಾಡಿ, ಹುಬ್ಬು ಗಂಟಿಕ್ಕಿ. ಹೆಣೆಯುವಾಗ ಚಿಕ್ಕಿಯ ಮುಖ ಹೇಗಿರುತ್ತದೋ ಹಾಗೆ.

"ಅಯ್ಯೋ ಕಳ್ಳಿ, ನನ್ನನ್ನೇ ಅಣಕಿಸ್ತೀಯಾ," ಎಂದು ತಕ್ಕಡಿಯಮ್ಮ ನಕ್ಕಳು.

ಚಿಕ್ಕಿ ನಗಲಿಲ್ಲ. ಮಗು ಅಣಕಿಸಿದ್ದು ತಕ್ಕಡಿಯಮ್ಮನನ್ನಲ್ಲ. ದಿನವೂ ತೊಡೆಗೆ ಒರಗಿ ನೋಡಿ ನೋಡಿ ಕಲಿತದ್ದು. ಪಿನ್ನಿನ ಜಾಗ ಬಾಯಿ ಎಂದು ಅದಕ್ಕೆ ಯಾರು ಹೇಳಿಕೊಟ್ಟರು?

ಇಲಿ ಕೆಮ್ಮಿದಳು. ಕುಡಿದ ಹಾಲು ಒಂದಿಷ್ಟು ಹೊರಬಂತು. ಚಿಕ್ಕಿಯ ಭುಜದ ಬಟ್ಟೆಯ ಮೇಲೆ, ಬಿಳಿಯ ನಡುವೆ, ಕೆಂಪು ದಾರದಂಥ ಒಂದು ಗೆರೆ.

ತಕ್ಕಡಿಯಮ್ಮನ ನಗು ನಿಂತಿತು. "ಇದೇನಿದು?"

"ಪಿನ್ನು. ನುಂಗಿದಾಳೆ."

 ತಕ್ಕಡಿಯಮ್ಮ ಅಂಗಡಿಗೆ ಗೋಣಿಪರದೆ ಎಳೆದು, ಸೊಪ್ಪು ತರುವ ಗಾಡಿಯ ಬೀಗದ ಕೈ ತೆಗೆದುಕೊಂಡು ಹೊರಟಳು. ಆಸ್ಪತ್ರೆಯ ದಾರಿಯಲ್ಲಿ ಚಿಕ್ಕಿ ಅಕ್ಕನಿಗೆ ಫೋನು ಮಾಡಿದಳು. ಹಿಂದೆ ಕೋಸಿನ ಬುಟ್ಟಿಗಳು ಒಂದಕ್ಕೊಂದು ಬಡಿಯುತ್ತಿದ್ದವು.

"ಅಕ್ಕ, ಇಲಿ ಪಿನ್ನು ನುಂಗಿರಬೇಕು. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ."

ಆ ಕಡೆ ಬಸ್ಸುಗಳ ಸದ್ದು, ಯಾರೋ ಚಿಲ್ಲರೆ ಕೇಳುವ ಸದ್ದು. "ಯಾವಾಗ?"

"ಈಗ. ಈಗ ತಾನೇ ನೋಡಿದೆ."

*

ಎಕ್ಸ್‌ರೇ ತೆಗೆಯುವಾಗ ಇಲಿಯ ಎರಡು ಕೈಗಳನ್ನು ತಲೆಯ ಮೇಲಕ್ಕೆ ಹಿಡಿದದ್ದು ಅಕ್ಕ. ಸಮವಸ್ತ್ರದ ಕುತ್ತಿಗೆಗೆ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಬಂದವಳೇ ಮಗುವನ್ನು ಚಿಕ್ಕಿಯ ಕೈಯಿಂದ ತೆಗೆದುಕೊಂಡಿದ್ದಳು, ಕಿತ್ತುಕೊಂಡಿರಲಿಲ್ಲ, ತೆಗೆದುಕೊಂಡಿದ್ದಳು. ಮುಖ ನೋಡಿರಲಿಲ್ಲ.

ಡಾಕ್ಟರು ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಮಂಜಿನ ಹಾಗೆ ಪಕ್ಕೆಲುಬುಗಳು, ಅವುಗಳ ನಡುವೆ, ಕುತ್ತಿಗೆಯ ಕೆಳಗೆ, ಪಿನ್ನು. ಮಿಕ್ಕೆಲ್ಲಕ್ಕಿಂತ ಅದೇ ಸ್ಪಷ್ಟವಾಗಿತ್ತು. ಬಾಯಿ ತೆರೆದುಕೊಂಡು, ಮೊನೆ ಮೇಲಕ್ಕೆ ಮಾಡಿ ನಿಂತಿತ್ತು.

"ಅನ್ನನಾಳದಲ್ಲಿ ಸಿಕ್ಕಿಕೊಂಡಿದೆ," ಎಂದರು ಡಾಕ್ಟರು. ನಡುವಯಸ್ಸಿನ ಹೆಂಗಸು, ಒಂದೊಂದೇ ಮಾತನ್ನು ಇಟ್ಟು ಇಟ್ಟು ಆಡುವವರು. "ನೇರ ಎಳೆದರೆ ಮೊನೆ ಹರ್ಕೊಂಡು ಬರುತ್ತೆ. ಮೆಲ್ಲಗೆ ಹೊಟ್ಟೆಗೆ ಇಳಿಸಿ, ಅಲ್ಲಿ ತಿರುಗಿಸಿ, ಮೊನೆ ಕೆಳಗೆ ಮಾಡಿ ತಗೋಬೇಕು. ಪೂರ್ತಿ ನಿದ್ದೆ ಮದ್ದು ಕೊಡ್ತೀವಿ. ಇಂಥದ್ದು ಮಾಡಿದ್ದೀನಿ. ಅಪಾಯ ಇಲ್ಲ ಅಂತ ಹೇಳೋದಿಲ್ಲ."

ಅಕ್ಕ ತಲೆಯಾಡಿಸಿದಳು.

"ಕೊನೇ ಸಲ ಏನು ತಿಂದಿದಾಳೆ?"

"ಬೆಳಗಿನ ಜಾವ ಗಂಜಿ ಕುಡಿಸಿ ನಾನು ಕೆಲಸಕ್ಕೆ ಹೋದೆ," ಎಂದಳು ಅಕ್ಕ. "ಆಮೇಲೆ ಅವಳಿಗೆ ಮಧ್ಯಾಹ್ನದ ಊಟಾನೇ. ಅದು ಇನ್ನೂ ಆಗಿಲ್ಲ."

"ಹಾಗಾದರೆ ಹೊಟ್ಟೆ ಖಾಲಿ. ಒಳ್ಳೇದು. ಈಗಲೇ ಶುರು ಮಾಡೋಣ." ಡಾಕ್ಟರು ನರ್ಸಿನ ಕಡೆ ತಿರುಗಿದರು.

ಚಿಕ್ಕಿ ಗೋಡೆಗೆ ಆತು ನಿಂತಿದ್ದಳು.  ಬಾಳೆಹಣ್ಣು ಎಂದರೆ, ಯಾಕೆ ಕೊಟ್ಟೆ ಎನ್ನುತ್ತಾರೆ. ಯಾಕೆ ಎಂದರೆ, ಯಾವಾಗ ಗೊತ್ತಾಯಿತು ಎನ್ನುತ್ತಾರೆ. ಒಂದು ಎಳೆ ಎಳೆದರೆ ಇಡೀ ಬೆಳಗು ಬಿಚ್ಚಿಕೊಂಡು ಬರುತ್ತದೆ: ಅಂಗಡಿ, ಮೆಟ್ಟಿಲು, ಮೇಷ್ಟ್ರ ಮನೆಯಲ್ಲಿ ಕೂತು ನಕ್ಕದ್ದು. ಅಷ್ಟೂ ಹೊತ್ತು ಆ ಮೊನೆ ಮಗುವಿನ ಒಳಗಿತ್ತು. ಮೂರು ತುತ್ತು ಹಣ್ಣು, ಅರ್ಧ ಬಾಟಲಿ ಹಾಲು. ಅದರಿಂದ ಏನಾದೀತು? ಒಂದಿಷ್ಟು ವಾಂತಿಯಾಗಿ ಹೊರಗೂ ಬಂದಿದೆಯಲ್ಲ.

ಖಾಲಿ ಇರಬೇಕೆಂದು ಕೇಳುತ್ತಾರೆಂದರೆ ಸುಮ್ಮನೆ ಕೇಳಿರಲಾರರು.

ನರ್ಸು ಇಲಿಯನ್ನು ಅಕ್ಕನ ಹೆಗಲಿನಿಂದ ಬಿಡಿಸಿ ಗಾಲಿಮಂಚದ ಮೇಲೆ ಮಲಗಿಸಿದಳು. ಇಲಿ ತಿರುಗಿ ಕೋಣೆಯಲ್ಲಿ ಯಾರನ್ನೋ ಹುಡುಕಿದಳು. ಗಾಲಿಗಳು ಉರುಳಿದವು. ಬಾಗಿಲು ಒಂದು ಪಕ್ಕ ತೆರೆಯಿತು.

"ಖಾಲಿ ಇಲ್ಲ," ಎಂದಳು ಚಿಕ್ಕಿ.

ಯಾರಿಗೂ ಕೇಳಿಸಲಿಲ್ಲ. ಮುಂದೆ ಹೋಗಿ ಮಂಚದ ಕಂಬಿ ಹಿಡಿದುಕೊಂಡಳು. "ಡಾಕ್ಟ್ರೇ, ಹೊಟ್ಟೆ ಖಾಲಿ ಇಲ್ಲ. ಬಾಳೆಹಣ್ಣು ತಿನ್ನಿಸಿದೀನಿ. ಹಾಲೂ ಕುಡಿದಿದಾಳೆ. ಅರ್ಧ ಬಾಟಲಿ."

ಡಾಕ್ಟರು ನಿಂತರು. "ಯಾವಾಗ?"

"ಹಣ್ಣು ಬೆಳಿಗ್ಗೆ, ಪಿನ್ನು ಕಾಣದೆ ಹೋದಾಗ. ಕೆಳಗೆ ತಳ್ಳುತ್ತೆ ಅಂತ ಕೊಟ್ಟೆ. ಹಾಲು ಇಲ್ಲಿಗೆ ಬರೋ ಸ್ವಲ್ಪ ಮುಂಚೆ."

"ಬೆಳಿಗ್ಗೆ?" ಎಂದಳು ಅಕ್ಕ.

ಚಿಕ್ಕಿ ಅವಳ ಕಡೆ ತಿರುಗಲಿಲ್ಲ. ತಿರುಗಿದರೆ ಮಾತು ನಿಂತುಹೋಗುತ್ತದೆಂದು ಡಾಕ್ಟರ ಕೊರಳಪಟ್ಟಿಯನ್ನೇ ನೋಡುತ್ತ ಹೇಳಿದಳು. "ಬೆಳಿಗ್ಗೆಯೇ ಗೊತ್ತಾಗಿತ್ತು. ಪಿನ್ನು ಚೀಲದಲ್ಲಿರಬಹುದು ಅಂತ ಹುಡುಕ್ಕೊಂಡು ಹೋದೆ. ಅಲ್ಲೊಂದು ಸಿಕ್ತು. ಅದು ಬೇರೆ ಪಿನ್ನು."

"ಈಗ ತಾನೇ ನೋಡಿದೆ ಅಂದೆ ನನಗೆ."

"ಸುಳ್ಳು ಹೇಳಿದೆ."

ಡಾಕ್ಟರು ಆಗಲೇ ನರ್ಸಿಗೆ ಬೇರೆ ಏನೋ ಹೇಳುತ್ತಿದ್ದರು. ನಿದ್ದೆ ಮದ್ದು ಕೊಡುವ ದೊಡ್ಡ ಡಾಕ್ಟರನ್ನು ಕರೆಯಿರಿ, ಮೊದಲು ಉಸಿರಿಗೆ ನಳಿಕೆ ಹಾಕಬೇಕು, ಹೀರುವ ಯಂತ್ರ ಸಿದ್ಧ ಇರಲಿ. ಆಮೇಲೆ ಚಿಕ್ಕಿಯ ಕಡೆ ನೋಡಿದರು. "ತುಂಬಿದ ಹೊಟ್ಟೆಗೆ ಹಾಗೇ ಮದ್ದು ಕೊಟ್ಟಿದ್ದರೆ ಹಾಲು ಮೇಲೆ ಬಂದು ಶ್ವಾಸಕ್ಕೆ ಇಳೀತಿತ್ತು. ಮತ್ತೇನಾದರೂ ಇದೆಯಾ, ಹೇಳದೆ ಇರೋದು? ನೀರು, ಬಿಸ್ಕತ್ತು, ಯಾವುದಾದರೂ ಔಷಧಿ?"

"ಇಲ್ಲ. ಅಷ್ಟೇ."

"ಸರಿ. ಹಣ್ಣು ಯಾಕೆ ಕೊಟ್ಟಿರಿ ಅಂತ ಆಮೇಲೆ ಬೈತೀನಿ."

ಬಾಗಿಲು ಮುಚ್ಚಿತು.

*

ಹೊರಗೆ ಬೆಂಚು ಉದ್ದವಾಗಿತ್ತು. ಅಕ್ಕ ಒಂದು ತುದಿಯಲ್ಲಿ ಕೂತಳು. ಚಿಕ್ಕಿ ಕೂರಲಿಲ್ಲ. ತಕ್ಕಡಿಯಮ್ಮ ಒಂದು ಸಲ ಬಂದು ನೀರಿನ ಬಾಟಲಿ ಇಟ್ಟು, ಇಬ್ಬರ ಮುಖವನ್ನೂ ನೋಡಿ, ಹೆಚ್ಚು ಮಾತಾಡದೆ ಅಂಗಡಿಗೆ ಹೋದಳು. ಅವಳು ಹಾಗೆ ಮಾತಾಡದೆ ಹೋದದ್ದನ್ನು ಚಿಕ್ಕಿ ಹಿಂದೆಂದೂ ಕಂಡಿರಲಿಲ್ಲ.

ಬಾಗಿಲಿನ ಆ ಕಡೆಯಿಂದ ಸದ್ದೇ ಇರಲಿಲ್ಲ. ಸದ್ದು ಬಂದರೆ ಹೆದರಿಕೆ, ಬಾರದಿದ್ದರೆ ಇನ್ನೂ ಹೆದರಿಕೆ. ಒಂದು ಸಲ ಯಾರೋ ಓಡಿಹೋದ ಹಾಗಾಯಿತು. ಅಕ್ಕ ಎದ್ದು ನಿಂತಳು. ಯಾವುದೋ ಬೇರೆ ಕೋಣೆಗೆ ಹೋದದ್ದು. ಮತ್ತೆ ಕೂತಳು. ಚಿಕ್ಕಿಗೆ ಗಂಡನನ್ನು ಒಳಗೆ ಕರೆದುಕೊಂಡು ಹೋದ ದಿನದ ಬಾಗಿಲು ನೆನಪಾಯಿತು. ಅವತ್ತು ಅವಳಿಗೆ ಹೆದರಿಕೆ ಆಗಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ತೆರೆಯುತ್ತದೆ ಎಂದೇ ತಿಳಿದಿದ್ದಳು. ಈಗ ಹಾಗಲ್ಲ ಎಂದು ಗೊತ್ತಿತ್ತು. ಅಂಗೈಗಳನ್ನು ಗೋಡೆಗೆ ಒತ್ತಿಕೊಂಡಳು. ಗೋಡೆ ತಣ್ಣಗಿತ್ತೋ ಕೈ ತಣ್ಣಗಿತ್ತೋ ತಿಳಿಯಲಿಲ್ಲ.

ಕೊನೆಗೆ ಬಾಗಿಲು ತೆರೆದಾಗ ಮೊದಲು ಬಂದದ್ದು ನರ್ಸು. "ಮಗು ಚೆನ್ನಾಗಿದೆ," ಎಂದಳು, ಹೊಸ್ತಿಲು ದಾಟುವ ಮೊದಲೇ. "ಪಿನ್ನು ಬಂತು. ಒಂದು ಕಡೆ ಗೀರಿದೆ, ಅಷ್ಟೇ. ಎರಡು ದಿನ ಇಲ್ಲೇ ಇಟ್ಕೋತೀವಿ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿದಳು. ಬೆನ್ನು ಅಲುಗುತ್ತಿತ್ತು. ಚಿಕ್ಕಿ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತಳು.

ಸಂಜೆಯ ಹೊತ್ತಿಗೆ ಇಲಿಯನ್ನು ಮಕ್ಕಳ ವಾರ್ಡಿಗೆ ತಂದರು. ಮದ್ದಿನ ಮಂಪರಿನಲ್ಲಿ ಅಕ್ಕನ ತೊಡೆಯ ಮೇಲೆ ಮಲಗಿದ್ದಳು. ಮುಂಗೈಗೆ ಸೂಜಿ, ಅದರ ಮೇಲೆ ಬ್ಯಾಂಡೇಜು. ಚಿಕ್ಕಿ ಮಂಚದ ಕಾಲ ಬಳಿ ನಿಂತಿದ್ದಳು.

"ಡಾಕ್ಟ್ರು ಕೇಳಿದರು ಅಂತ ನೀನು ಹೇಳಿದೆ," ಎಂದಳು ಅಕ್ಕ, ಮಗುವಿನ ಮುಖದಿಂದ ಕಣ್ಣು ತೆಗೆಯದೆ. "ಕೇಳದೇ ಇದ್ದಿದ್ದರೆ?"

ಹೇಳುತ್ತಿದ್ದೆ ಎಂಬ ಮಾತು ಚಿಕ್ಕಿಯ ಬಾಯಿಯ ತನಕ ಬಂತು.

"ಗೊತ್ತಿಲ್ಲ ಅಕ್ಕ."

 ಪಕ್ಕದ ಮಂಚದ ಮಗು ಅತ್ತು, ಸಮಾಧಾನವಾಗಿ, ಮತ್ತೆ ಅತ್ತಿತು.

"ನಮ್ಮಮ್ಮನಿಗೆ ಫೋನ್ ಮಾಡಿದೀನಿ. ನಾಳೆ ಬರ್ತಾರೆ."

"ಹೂಂ."

"ಎಷ್ಟು ದಿನ ಇರ್ತಾರೋ ನನಗೂ ಗೊತ್ತಿಲ್ಲ."

"ಹೂಂ."

"ನಿನ್ನ ಮೇಲೆ ಸಿಟ್ಟಿದೆ. ನಾಳೆ ಇನ್ನೂ ಜಾಸ್ತಿ ಆಗುತ್ತೆ ಅನ್ಸುತ್ತೆ. ಈಗ ಕೈಕಾಲಲ್ಲಿ ಬಲ ಇಲ್ಲ." ಅಕ್ಕ ಮಗುವನ್ನು ಎರಡು ಕೈಯಲ್ಲೂ ಎತ್ತಿ ಮುಂದೆ ಚಾಚಿದಳು. "ಹಿಡ್ಕೋ. ಬಚ್ಚಲಿಗೆ ಹೋಗಿ ಬರ್ತೀನಿ. ಬಂದಾಗಿಂದ ಹೋಗಿಲ್ಲ."

ಚಿಕ್ಕಿ ಕೈ ಚಾಚಲಿಲ್ಲ.

"ಹಿಡ್ಕೋ ಅಂದೆ. ಇಲ್ಲಿ ಬೇರೆ ಯಾರಿದಾರೆ?"

ಹಿಡಿದುಕೊಂಡಳು. ಅಕ್ಕ ಕಾಲೆಳೆದುಕೊಂಡು ವಾರ್ಡಿನ ಆ ತುದಿಗೆ ಹೋದಳು, ತಿರುಗಿ ನೋಡಲಿಲ್ಲ. ಚಿಕ್ಕಿ ಮಂಚದ ಮೇಲೆ ಕೂರಲು ಹೆದರಿ ನಿಂತೇ ಇದ್ದಳು. ಮಗುವಿನ ಉಸಿರು ಮೊಣಕೈಗೆ ತಾಗುತ್ತಿತ್ತು. ಬಿಗಿಯಾಗಿ ಮುಚ್ಚಿದ್ದ ಪುಟ್ಟ ಮುಷ್ಟಿಯನ್ನು, ಸೂಜಿ ಇಲ್ಲದ ಕೈಯದನ್ನು, ಒಂದೊಂದೇ ಬೆರಳು ಬಿಡಿಸಿ ನೋಡಿದಳು. ಒಳಗೆ ಏನೂ ಇರಲಿಲ್ಲ. ಬೆರಳುಗಳು ಮತ್ತೆ ಮಡಚಿಕೊಂಡವು. ಅವಳು ಮತ್ತೆ ಬಿಡಿಸಿದಳು.